ಎಫ್‌ಪಿಎಲ್ ಡ್ರಾಫ್ಟ್: ಅಪ್ಪ ಟೀವಿ ನಂಬುತ್ತಾರೆ, ಮಗಳು ಎಕ್ಸೆಲ್ ನಂಬುತ್ತಾಳೆ

ಮೊದಲೇ ಹೇಳಿಬಿಡುತ್ತೇನೆ, ಇದು ದುಡ್ಡು ಕಟ್ಟಿ ಆಡುವ ಆಟ ಅಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ದುಡ್ಡಿನ ಆಟಗಳಿಗೆ ನಿಷೇಧ ಹಾಕಿದ ಮೇಲೆ ಮುಂಬಯಿ ಹತ್ತಿರದ ನಮ್ಮ ಡೊಂಬಿವಲಿ ಬಳಗದಲ್ಲಿ ಅರ್ಧ ಜನರಿಗೆ ಶನಿವಾರ ಸಂಜೆ ಮಾಡಲು ಕೆಲಸವಿಲ್ಲದಂತಾಯಿತು. ಆಗ ಭಾವ ತಂದು ಮುಂದಿಟ್ಟದ್ದು ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನವರೇ ನಡೆಸುವ ಈ ಉಚಿತ ಫುಟ್‌ಬಾಲ್ ಆಟ, ಫ್ಯಾಂಟಸಿ ಪ್ರೀಮಿಯರ್ ಲೀಗ್, ಅಂದರೆ ಎಫ್‌ಪಿಎಲ್. ನಾವು ಆರಿಸಿದ ಆಟಗಾರರು ನಿಜವಾದ ಮ್ಯಾಚಿನಲ್ಲಿ ಮಾಡಿದ್ದಕ್ಕೆ ನಮಗೆ ಪಾಯಿಂಟ್. ಹತ್ತು ಕೋಟಿ ಪೌಂಡ್ ಬಜೆಟ್‌ನಲ್ಲಿ ತಂಡ ಕಟ್ಟುವ ಆಟ ಎಲ್ಲರಿಗೂ ಗೊತ್ತು. ನಾನು ಹೇಳುತ್ತಿರುವುದು ಅದರ ತಮ್ಮನ ಬಗ್ಗೆ, ಅಂದರೆ ಡ್ರಾಫ್ಟ್.

ಇದರಲ್ಲಿ ಬಜೆಟ್ಟೂ ಇಲ್ಲ, ಪಾಯಿಂಟ್ ದುಪ್ಪಟ್ಟಾಗುವ ಕ್ಯಾಪ್ಟನ್ನೂ ಇಲ್ಲ. ಸರದಿ ಪ್ರಕಾರ ಒಬ್ಬೊಬ್ಬ ಆಟಗಾರನನ್ನು ಎತ್ತಿಕೊಳ್ಳುತ್ತ ಹೋಗಬೇಕು. ನೀವು ಎತ್ತಿದವನು ನಿಮ್ಮ ಲೀಗ್‌ನಲ್ಲಿ ಬೇರೆ ಯಾರಿಗೂ ಸಿಗುವುದಿಲ್ಲ. ಮೊದಲ ಸುತ್ತಿನಲ್ಲಿ ಕೊನೆಗೆ ಎತ್ತಿದವನಿಗೆ ಎರಡನೇ ಸುತ್ತಿನಲ್ಲಿ ಮೊದಲ ಸರದಿ, ಹೀಗೆ ಹಾವಿನಂತೆ ತಿರುಗುತ್ತದೆ. ನಾವು ಎಂಟು ಜನ, ತಲೆಗೆ 15 ಆಟಗಾರರು, ಒಟ್ಟು 120. ಮೊದಲ ಎರಡು ಸುತ್ತಿಗೆ ಬುದ್ಧಿ ಏನೂ ಬೇಡ. 2022-23ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ 36 ಗೋಲು ಹೊಡೆದ ಹಾಲಂಡ್‌ನನ್ನು ಬಿಡುವವರು ಯಾರು? ಗಲಾಟೆ ಇರುವುದು ಹತ್ತನೇ ಸುತ್ತಿನ ಮೇಲೆ, ಬೋರ್ನ್‌ಮತ್‌ ತಂಡದ ಡಿಫೆಂಡರ್ ಒಳ್ಳೆಯವನೋ ಫುಲ್‌ಹ್ಯಾಮ್‌ನವನೋ ಎಂದು ತೀರ್ಮಾನಿಸಬೇಕಾದಾಗ.

ನಮ್ಮ ಡ್ರಾಫ್ಟ್ ನಡೆದದ್ದು ನಮ್ಮ ಹೋಟೆಲಿನಲ್ಲೇ, ರಾತ್ರಿ ಶಟರ್ ಅರ್ಧ ಎಳೆದ ಮೇಲೆ. ಭಾವ ಒಂದು ಕಾಲದಲ್ಲಿ ಬ್ಯಾಂಕಿನ ಟೀಮಿಗೆ ಕೂಪರೇಜ್ ಮೈದಾನದಲ್ಲಿ ಆಡಿದವರು. ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಎದುರು ಮೇಜಿನಲ್ಲಿ ಸ್ಟಾಟಿಸ್ಟಿಕ್ಸ್ ಓದುತ್ತಿರುವ ಅವರ ಮಗಳು, ಲ್ಯಾಪ್‌ಟಾಪ್ ತುಂಬ ಹಸಿರು-ಕೆಂಪು ಬಣ್ಣ ಹಚ್ಚಿದ ಎಕ್ಸೆಲ್. ಒದ್ದೆ ಬಟ್ಟೆಯಿಂದ ಮೇಜು ಒರೆಸುತ್ತಿದ್ದ ಹುಡುಗ ಅವಳ ಲ್ಯಾಪ್‌ಟಾಪ್ ಸುತ್ತ ಮಾತ್ರ ಒರೆಸಿ ಮುಂದೆ ಹೋದ.

"ಆ ಆಟಗಾರ ಚೆಂಡು ಹಿಡಿಯುವುದನ್ನು ನೋಡಿದ್ದೀಯಾ? ಒಂದೇ ಟಚ್!" ಅಂದರು ಭಾವ.

"ಅಪ್ಪ, ಟಚ್‌ಗೆ ಪಾಯಿಂಟ್ ಕೊಡುವುದಿಲ್ಲ."

ಅವಳು ನೋಡುವುದು ಎಕ್ಸ್‌ಜಿ, ಅಂದರೆ ಎಕ್ಸ್‌ಪೆಕ್ಟೆಡ್ ಗೋಲ್ಸ್. ಹೊಡೆತ ಎಷ್ಟು ದೂರದಿಂದ, ಯಾವ ಕೋನದಿಂದ, ಕಾಲಿನಿಂದಲೋ ತಲೆಯಿಂದಲೋ ಎಂದೆಲ್ಲ ಲೆಕ್ಕ ಹಾಕಿ ಅದು ಗೋಲಾಗುವ ಸಾಧ್ಯತೆಯನ್ನು ಸೊನ್ನೆಯಿಂದ ಒಂದರೊಳಗೆ ಹೇಳುವ ಸಂಖ್ಯೆ. ಪೆನಾಲ್ಟಿಗೆ ಅದು 0.8ರ ಹತ್ತಿರ. 2022-23ರಿಂದ ಎಫ್‌ಪಿಎಲ್‌ನ ಮುಖ್ಯ ಆಟದಲ್ಲೇ ಈ ಅಂಕಿ ಪುಕ್ಕಟೆ ಸಿಗುತ್ತದೆ. ಆದರೆ ಹೊಡೆಯುತ್ತಿರುವವನು ಯಾರು ಎಂಬುದು ಆ ಲೆಕ್ಕದಲ್ಲಿಲ್ಲ. ಭಾವ ಹಿಡಿದದ್ದು ಅದನ್ನೇ. ಲಿವರ್‌ಪೂಲ್‌ನಲ್ಲಿದ್ದಾಗ ಡಾರ್ವಿನ್ ನೂನ್ಯೆಸ್‌ನ ಎಕ್ಸ್‌ಜಿ ಯಾವಾಗಲೂ ಚಂದ, ಇನ್ನೇನು ಗೋಲಿನ ಮಳೆ ಸುರಿಯುತ್ತದೆ ಎನ್ನುವಂತೆ. 2023-24ರ ಲೀಗ್‌ನಲ್ಲಿ ಬಂದದ್ದು 11 ಗೋಲು. ಕಂಬಕ್ಕೆ ಹೊಡೆದದ್ದಕ್ಕೇನೂ ಕಡಿಮೆ ಇರಲಿಲ್ಲ. "ಅವನಿಗೆ ಗೋಲಿನ ಎದುರು ಅವಸರ, ನಾನು ಮೊದಲೇ ಹೇಳಿದ್ದೆ" ಎಂದು ಭಾವ ಈಗಲೂ ಆ ಒಂದು ಹೆಸರಿನ ಮೇಲೆ ಬದುಕುತ್ತಿದ್ದಾರೆ.

ಒಂದು ಹೆಸರಿಗೆ ಸರಿ. ನೂರಿಪ್ಪತ್ತಕ್ಕೆ? ನಾನು ಗಲ್ಲಾದಲ್ಲಿ ಕೂರುವವನು. ನಮ್ಮಲ್ಲಿ ಹೆಚ್ಚು ಹೋಗುವುದು ನೀರ್ದೋಸೆ ಎಂದು ಯಾರು ಕೇಳಿದರೂ ಹೇಳುತ್ತಿದ್ದೆ, ಯಾಕೆಂದರೆ ಊರಿನ ಜನ ಬಾಗಿಲಿನಿಂದಲೇ "ನೀರ್ದೋಸೆ ಉಂಟಾ?" ಎಂದು ಕೂಗಿಕೊಂಡು ಬರುತ್ತಾರೆ. ಬಿಲ್ಲಿಂಗ್ ಮಷಿನ್ ತೆಗೆದು ನೋಡಿದರೆ ಇಡ್ಲಿ-ವಡೆ ಎಷ್ಟೋ ಮುಂದೆ. ಇಡ್ಲಿ ತಿನ್ನುವವನು ಮಾತಾಡುವುದಿಲ್ಲ, ತಿಂದು ಲೋಕಲ್ ಹಿಡಿಯುತ್ತಾನೆ. ಟೀವಿಯಲ್ಲಿ ಫುಟ್‌ಬಾಲ್ ನೋಡುವ ಕಣ್ಣಿಗೂ ಇದೇ ಕಾಯಿಲೆ. ಮೇಲಾಗಿ ನಾವು ನೋಡುವುದು ನಾಲ್ಕೈದು ದೊಡ್ಡ ತಂಡಗಳ ಮ್ಯಾಚು, ಉಳಿದ ತಂಡಗಳದ್ದು ಬರೀ ಹೈಲೈಟ್ಸ್. ಹೈಲೈಟ್ಸ್‌ನಲ್ಲಿ ಯಾರು ತಾನೇ ಕೆಟ್ಟದಾಗಿ ಆಡುತ್ತಾರೆ!

2025-26ರಿಂದ ಬಂದ ಹೊಸ ನಿಯಮವಂತೂ ಕಣ್ಣನ್ನು ಇನ್ನೂ ಹಿಂದೆ ಹಾಕಿದೆ. ಡಿಫೆಂಡರ್ ಒಂದು ಮ್ಯಾಚಿನಲ್ಲಿ ಚೆಂಡು ಹೊರಗೆ ಒದ್ದದ್ದು, ಅಡ್ಡ ಬಂದದ್ದು, ನಡುವೆ ಕಸಿದದ್ದು, ಟ್ಯಾಕಲ್ ಮಾಡಿದ್ದು ಎಲ್ಲ ಸೇರಿ ಹತ್ತಾದರೆ ಎರಡು ಪಾಯಿಂಟ್. ಎವರ್ಟನ್‌ನ ತಾರ್ಕೊವ್‌ಸ್ಕಿಯಂಥವರ ಹೊಟ್ಟೆಪಾಡೇ ಅದು. ಹತ್ತು ಸಲ ತಲೆಯಿಂದ ಚೆಂಡು ಹೊರಗೆ ಹಾಕಿದವನನ್ನು ಸೋಫಾದಲ್ಲಿ ಕೂತು ಎಣಿಸುವವರು ಯಾರು? ಅಕ್ಕನ ಮಗಳು ಇಂಥವರನ್ನೇ ಸದ್ದಿಲ್ಲದೆ ಬಾಚಿಕೊಂಡಳು.

ಹಾಗಾದರೆ ಕಣ್ಣಿಗೆ ಕೆಲಸವೇ ಇಲ್ಲವೇ? ಉಂಟು, ಆದರೆ ಭಾವ ಅಂದುಕೊಂಡ ಕಡೆ ಅಲ್ಲ. ಆಟ ಚಂದವೋ ಇಲ್ಲವೋ ಎನ್ನುವುದನ್ನು ಬಿಡಿ, ಅವನು ಎಲ್ಲಿ ನಿಲ್ಲುತ್ತಾನೆ, ಫ್ರೀಕಿಕ್, ಕಾರ್ನರ್, ಪೆನಾಲ್ಟಿ ಬಂದಾಗ ಚೆಂಡಿನ ಹತ್ತಿರ ಯಾರು ಹೋಗುತ್ತಾರೆ, ಇದನ್ನು ನೋಡಿ. 2023-24ರಲ್ಲಿ ಆರ್ಸೆನಲ್‌ನ ಹಾವರ್ಟ್ಸ್ ಆಟದ ಪಟ್ಟಿಯಲ್ಲಿ ಮಿಡ್‌ಫೀಲ್ಡರ್, ಆದರೆ ಸೀಸನ್ ಮುಂದುವರಿದಂತೆ ಮೈದಾನದಲ್ಲಿ ಎಲ್ಲರಿಗಿಂತ ಮುಂದೆ. ಮಿಡ್‌ಫೀಲ್ಡರ್ ಗೋಲಿಗೆ ಐದು ಪಾಯಿಂಟ್, ಫಾರ್ವರ್ಡ್‌ಗೆ ನಾಲ್ಕೇ. ಅದೇ ವರ್ಷ ಚೆಲ್ಸಿಯ ಕೋಲ್ ಪಾಮರ್ ಅಕ್ಟೋಬರ್‌ನಲ್ಲಿ ಬರ್ನ್ಲಿ ವಿರುದ್ಧ ಪೆನಾಲ್ಟಿ ಚೆಂಡು ಕೈಗೆತ್ತಿಕೊಂಡ. ಅವತ್ತಿನವರೆಗೆ ಚೆಲ್ಸಿಗಾಗಿ ಅವನದು ಒಂದು ಗೋಲೂ ಇರಲಿಲ್ಲ. ಸೀಸನ್ ಮುಗಿಯುವಾಗ ಲೀಗ್‌ನಲ್ಲಿ 22 ಗೋಲು, ಅದರಲ್ಲಿ 9 ಪೆನಾಲ್ಟಿ. ಚೆಂಡು ಅವನ ಕೈಯಲ್ಲಿದ್ದದ್ದನ್ನು ನೋಡಿದವರು ಅವತ್ತೇ ಎತ್ತಬಹುದಿತ್ತು. ಸಂಖ್ಯೆ ಬೆಳೆಯಲು ವಾರಗಳು ಬೇಕು, ಪಾತ್ರ ಬದಲಾದದ್ದು ಒಂದೇ ಮ್ಯಾಚಿನಲ್ಲಿ ಕಾಣುತ್ತದೆ.

ಈ ಮಧ್ಯೆ ಬಳಗದಿಂದ ಚಂದಾ ಎತ್ತಿ ಯಾರು ಆಡುತ್ತಾರೆಂದು ಮುಂದಾಗಿ ಹೇಳುವ ಒಂದು ತಾಣಕ್ಕೂ ದುಡ್ಡು ಸುರಿದೆವು. ಹೆಸರು ಬೇಡ. ಗೋಲಿನ ಲೆಕ್ಕ ದಶಮಾಂಶ ಸಮೇತ ಕೊಡುತ್ತದೆ, ಆದರೆ ಅವರು 'ಖಂಡಿತ ಆಡುತ್ತಾನೆ' ಎಂದವನು ಬೆಂಚಿನಲ್ಲಿ ಜಾಕೆಟ್ ಹಾಕಿ ಕೂತಿರುತ್ತಾನೆ. ಆ ದುಡ್ಡಿನಲ್ಲಿ ಚಿಕನ್ ಸುಕ್ಕ ತಿನ್ನಬಹುದಿತ್ತು.

ಆಟಕ್ಕೆ ನಾನು ಐದರಲ್ಲಿ ನಾಲ್ಕು ಕೊಡುತ್ತೇನೆ. ಒಂದು ಕಡಿತ ಯಾಕೆಂದರೆ ಕ್ಯಾಪ್ಟನ್ ಇಲ್ಲದ್ದರಿಂದ ವಾರದ ಮಧ್ಯೆ ಬಯ್ಯಲು, ಬೀಗಲು ಒಂದು ಕಾರಣ ಕಡಿಮೆ. ಸೇರುವುದಿದ್ದರೆ ಆರೋ ಎಂಟೋ ಜನ ಸೇರಿ. ನಾಲ್ಕೇ ಜನರಾದರೆ ಎಲ್ಲರ ತಂಡದಲ್ಲೂ ಹೆಸರುವಾಸಿಗಳೇ, ಯೋಚನೆಗೆ ಜಾಗವೇ ಇರುವುದಿಲ್ಲ. ಇನ್ನು ಸಮಯ. ಶನಿವಾರ ಇಂಗ್ಲೆಂಡಿನಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ವಾರದ ಮೊದಲ ಮ್ಯಾಚ್ ಇದ್ದರೆ ಇಂಗ್ಲೆಂಡಿನ ಬೇಸಿಗೆ ಗಡಿಯಾರದಲ್ಲಿ ನಮಗೆ ತಂಡ ಆರಿಸಿ ಮುಗಿಸುವ ಡೆಡ್‌ಲೈನ್ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ. ಆಟಗಾರನ ಬದಲಿಗೆ ಕೋರಿಕೆ ಹಾಕುವ ವೇವರ್ ಮುಗಿಯುವುದು ಅದಕ್ಕೆ ಸರಿಯಾಗಿ 24 ಗಂಟೆ ಮೊದಲು, ಅಂದರೆ ಶುಕ್ರವಾರ. ಅಲ್ಲಿಂದ ಮುಂದೆ ಉಳಿದವರನ್ನು ಯಾರು ಮೊದಲು ಒತ್ತುತ್ತಾರೋ ಅವರದು. ಶುಕ್ರವಾರ ಆ ಹೊತ್ತಿಗೆ ಭಾವ ಆಫೀಸಿನಲ್ಲಿ, ಮಗಳು ಕ್ಲಾಸಿನಲ್ಲಿ, ನಮ್ಮಲ್ಲಿ ಊಟದ ಗಿರಾಕಿ ಮುಗಿದು ಚಹಾದವರು ಇನ್ನೂ ಬಂದಿರುವುದಿಲ್ಲ. ಈ ಸೀಸನ್ನಿನಲ್ಲಿ ನನಗೆ ಸಿಕ್ಕಿದ ಒಳ್ಳೆಯ ಡಿಫೆಂಡರ್‌ಗಳೆಲ್ಲ ಆ ಹೊತ್ತಿನವರು.