ಚಿಕ್ಕ ಆಫೀಸ್ ಪಿಸಿಗೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಮುಂಚೆ ಮುಚ್ಚಳ ತೆಗೆದು ನೋಡಿ

ಅಕ್ಕನ ಮಗನಿಗೆ ವಿಡಿಯೋ ಎಡಿಟಿಂಗ್ ಹುಚ್ಚು. ಅವನಿಗಾಗಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದು ಶನಿವಾರವೆಲ್ಲ ಸುತ್ತಿ, ಯಾವುದೋ ಆಫೀಸಿನವರು ಬಳಸಿ ಬಿಟ್ಟ ಚಿಕ್ಕ ಡೆಸ್ಕ್‌ಟಾಪ್ ಒಂದನ್ನು 12,500 ರೂಪಾಯಿಗೆ ತಂದೆ. ಐ5, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ. ಆ ದುಡ್ಡಿಗೆ ಒಳ್ಳೆಯ ಮಾಲೇ, ಅದರಲ್ಲಿ ತಕರಾರಿಲ್ಲ. ಎಡವಿದ್ದು ಅದಕ್ಕೆ ಗ್ರಾಫಿಕ್ಸ್ ಕಾರ್ಡ್ (ಚಿತ್ರ, ವಿಡಿಯೋ ಕೆಲಸ ನೋಡಿಕೊಳ್ಳುವ ಕಾರ್ಡ್) ಹಾಕಲು ಹೊರಟಾಗ.

ನಾನು ಮೊದಲು ಕಾರ್ಡ್ ಕೊಂಡೆ, ಆಮೇಲೆ ಮುಚ್ಚಳ ತೆಗೆದೆ.

ಕಾರ್ಡ್ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1650, ಏಳು ಸಾವಿರ. "75 ವ್ಯಾಟ್ ಸಾಕು, ಸ್ಲಾಟಿನಿಂದಲೇ ಕರೆಂಟ್ ತಗೊಳ್ಳುತ್ತೆ" ಅಂತ ಓದಿದ್ದೆ. ಸ್ಲಾಟ್ ಅಂದರೆ ಒಳಗಿನ ಬೋರ್ಡಿನಲ್ಲಿ ಕಾರ್ಡ್ ಸಿಕ್ಕಿಸುವ ಜಾಗ. ಅದು ಸುಳ್ಳಲ್ಲ, ಆದರೆ ಎಲ್ಲ 1650ಕ್ಕೂ ಹೊಂದುವ ಮಾತಲ್ಲ. ವೇಗ ಸ್ವಲ್ಪ ಏರಿಸಿ ಮಾರುವ ಕೆಲವು ಮಾದರಿಗಳಿಗೆ 6 ಪಿನ್ನಿನ ಬೇರೆ ವೈರ್ ಬೇಕು. ನನ್ನ ಕೈಗೆ ಬಂದದ್ದು ಅಂಥದ್ದೇ. ಮನೆಗೆ ಬಂದು ಪೆಟ್ಟಿಗೆ ತೆರೆದರೆ, ಸ್ಲಾಟಿನ ಮೇಲೆ ಇರುವ ಜಾಗ ಏಳು ಸೆಂಟಿಮೀಟರ್. ಕಾರ್ಡಿನ ಎತ್ತರ ಹನ್ನೊಂದು. ಸ್ಕೇಲ್ ಹಿಡಿದು ಎರಡು ಸಲ ಅಳೆದೆ, ಏನೋ ಕಮ್ಮಿಯಾಗುತ್ತದೆ ಅನ್ನೋ ಹಾಗೆ! ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡುವ ಡಬ್ಬಿ) ಮೇಲಿನ ಸ್ಟಿಕರಿನಲ್ಲಿ 180 ವ್ಯಾಟ್ ಅಂತಿತ್ತು. 6 ಪಿನ್ ವೈರಿನ ಸುಳಿವೇ ಇಲ್ಲ.

ಅಲ್ಲಿಗೇ ಬಿಡಬೇಕಿತ್ತು. ಬಿಡಲಿಲ್ಲ. ಅಂಗಡಿಗೆ ಹೋಗಿ ಕಷ್ಟ ಹೇಳಿಕೊಂಡೆ. ಅವರು ಡ್ರಾಯರಿನಿಂದ ಒಂದು ಕನ್ವರ್ಟರ್ ತೆಗೆದು ಕೊಟ್ಟರು. ಒಂದು ಕಡೆ ಸಾಟಾ ಪವರ್ (ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡುವ ಪ್ಲಗ್), ಇನ್ನೊಂದು ಕಡೆ 6 ಪಿನ್. ನೂರೈವತ್ತು ರೂಪಾಯಿ. "ಕಣ್ಮುಚ್ಕೊಂಡು ಹಾಕಿ ಸಾರ್, ದಿನಾ ಹತ್ತು ಜನ ತಗೊಂಡು ಹೋಗ್ತಾರೆ."

ಈಗ ಲೆಕ್ಕ ಕೇಳಿ. ಸಾಟಾ ಪವರ್ ಪ್ಲಗ್ಗಿನಲ್ಲಿ 12 ವೋಲ್ಟಿಗೆ ಇರುವುದು ಮೂರು ಪಿನ್. ಒಂದೊಂದು ಒಂದೂವರೆ ಆಂಪಿಯರ್. ಒಟ್ಟು ನಾಲ್ಕೂವರೆ ಆಂಪಿಯರ್, ಅಂದರೆ 54 ವ್ಯಾಟ್. 6 ಪಿನ್ ಪ್ಲಗ್ಗಿನಿಂದ ಕಾರ್ಡ್ 75 ವ್ಯಾಟ್ ತನಕ ಎಳೆಯಬಹುದು. ಪ್ಲಗ್ ಒಳಗೆ ಹೋಗುತ್ತೆ ಅಂದ ಮಾತ್ರಕ್ಕೆ ಕರೆಂಟ್ ತಡೆಯುತ್ತೆ ಅಂತಲ್ಲ. ಜೊತೆಗೆ ನನ್ನದು ಅಚ್ಚಿನಲ್ಲಿ ಪ್ಲಾಸ್ಟಿಕ್ ಕರಗಿಸಿ ಸುರಿದು ಮಾಡಿದ ಅಗ್ಗದ ಪ್ಲಗ್. ಒಳಗೆ ವೈರುಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆ ಅನ್ನೋದು ದೇವರಿಗೇ ಗೊತ್ತು.

ಕಾರ್ಡನ್ನು ಪೆಟ್ಟಿಗೆಗೆ ಹಿಡಿಸುವ ಹಿಂದಿನ ಲೋಹದ ಪಟ್ಟಿ ಬಿಚ್ಚಿ, ಮುಚ್ಚಳ ತೆಗೆದೇ ಇಟ್ಟು ಓಡಿಸಿದೆವು. ಹನ್ನೆರಡು ದಿನ ಚೆನ್ನಾಗಿಯೇ ನಡೆಯಿತು. ಹುಡುಗ ಖುಷಿಯಾಗಿದ್ದ. ಹದಿಮೂರನೇ ದಿನ ರಾತ್ರಿ ಅವನು ಒಂದು ಉದ್ದದ ವಿಡಿಯೋ ರೆಂಡರ್ (ಎಡಿಟ್ ಮಾಡಿದ್ದನ್ನು ಕೊನೆಯ ಫೈಲ್ ಮಾಡುವ ಕೆಲಸ) ಹಾಕಿ ಊಟಕ್ಕೆ ಕೂತಿದ್ದಾಗ ನನಗೆ ಫೋನ್ ಬಂತು.

"ಮಾಮ, ಏನೋ ಸುಟ್ಟ ವಾಸನೆ ಬರ್ತಿದೆ."

"ಮೊದಲು ಗೋಡೆ ಸ್ವಿಚ್ ಆಫ್ ಮಾಡೋ!"

ಬೆಳಿಗ್ಗೆ ಹೋಗಿ ನೋಡಿದೆ. ಕನ್ವರ್ಟರಿನ ಬಿಳಿ ಪ್ಲಗ್ ಕಾಫಿ ಬಣ್ಣಕ್ಕೆ ತಿರುಗಿತ್ತು. ಒಂದು ಮೂಲೆ ಕರಗಿ ಎಸ್‌ಎಂಪಿಎಸ್ ವೈರಿಗೆ ಅಂಟಿಕೊಂಡಿತ್ತು, ಎಳೆದರೂ ಬರಲಿಲ್ಲ. ಎಸ್‌ಎಂಪಿಎಸ್ ಸತ್ತಿತ್ತು. ಕಾರ್ಡ್, ಬೋರ್ಡ್, ಎಸ್‌ಎಸ್‌ಡಿ ಬದುಕಿದ್ದು ನಮ್ಮ ಪುಣ್ಯ. ಅವನು ಇಯರ್‌ಫೋನ್ ಹಾಕಿಕೊಂಡು ಮಲಗಿಬಿಟ್ಟಿದ್ದರೆ ಅಂತ ಯೋಚಿಸಿ ಆ ದಿನವೆಲ್ಲ ನನಗೆ ಸಮಾಧಾನವಿರಲಿಲ್ಲ. ಅಕ್ಕ ಏನೂ ಅನ್ನಲಿಲ್ಲ. ಅದು ಬೈಗುಳಕ್ಕಿಂತ ಜಾಸ್ತಿ.

ಹೊಸ ಎಸ್‌ಎಂಪಿಎಸ್ ಹಾಕಿದರಾಯಿತು ಅಂದುಕೊಂಡರೆ ಅಲ್ಲೂ ಸಿಕ್ಕು. ಮಾಮೂಲಿ ಎಸ್‌ಎಂಪಿಎಸ್ ಈ ಪೆಟ್ಟಿಗೆಯಲ್ಲಿ ಕೂರುವುದೇ ಇಲ್ಲ. ಕೂರಿಸಿದರೂ ಬೋರ್ಡಿಗೆ ಹೋಗುವ ಪ್ಲಗ್ 24 ಪಿನ್ನಿನದಲ್ಲ, ಕಂಪನಿಯದೇ ಬೇರೆ ಆಕಾರ. ಅದೇ ಮಾದರಿಯ ಹಳೆಯದನ್ನು ಹುಡುಕಿ 2,800 ಕೊಟ್ಟು ತಂದೆ.

ಆಮೇಲೆ ಕೂತು ಕೈಪಿಡಿ ಓದಿದೆ. ಇಂಥ ಚಿಕ್ಕ ಆಫೀಸ್ ಪಿಸಿಗಳಲ್ಲಿ ಕೆಲವಕ್ಕೆ ಸ್ಲಾಟಿನಿಂದಲೂ ಪೂರ್ತಿ 75 ವ್ಯಾಟ್ ಸಿಗುವುದಿಲ್ಲ. 25, 35 ಅಂತ ಬರೆದಿರುತ್ತಾರೆ. ಆದ್ದರಿಂದ ವೈರ್ ಬೇಡದ ಕಾರ್ಡಾದರೂ ನಿಮ್ಮ ಮಾದರಿಯ ಕೈಪಿಡಿ ನೋಡಿಯೇ ಕೊಳ್ಳಿ. ಎತ್ತರ ಅಳೆಯುವಾಗ ದಪ್ಪವನ್ನೂ ಅಳೆಯಿರಿ. ಲೋ ಪ್ರೊಫೈಲ್, ಅಂದರೆ ಎತ್ತರ ಕಮ್ಮಿ ಇರುವ ಕಾರ್ಡುಗಳಲ್ಲೂ ಎರಡು ಸ್ಲಾಟ್ ನುಂಗುವವು ಇವೆ, ಪಕ್ಕದಲ್ಲೇ ಎಸ್‌ಎಂಪಿಎಸ್ ಇದ್ದರೆ ಮುಗೀತು. ಜೊತೆಗೆ ಗಿಡ್ಡ ಪಟ್ಟಿ ಕೊಡ್ತಾರಾ ಅಂತ ಕೇಳಿ.

ಜಿಟಿ 1030 ಕಾರ್ಡ್ ಕೇವಲ 30 ವ್ಯಾಟ್, ಸ್ಲಾಟ್ ಅಷ್ಟು ಕೊಡುವುದಾದರೆ ಇಂಥ ಪೆಟ್ಟಿಗೆಗೆ ಸರಿಹೋಗುತ್ತದೆ. ಆದರೆ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯದೂ ಮಾರುತ್ತಾರೆ, ಅದು ಜಿಡಿಡಿಆರ್5 ಮೆಮೊರಿ ಇರುವುದಕ್ಕಿಂತ ತುಂಬಾ ನಿಧಾನ. ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿರುತ್ತದೆ. ಆರ್‌ಎಕ್ಸ್ 6400 ಕಾರ್ಡ್ 53 ವ್ಯಾಟಿನದು, ಆದರೆ ಈ ಎರಡರಲ್ಲೂ ವಿಡಿಯೋ ಎನ್‌ಕೋಡರ್ (ವಿಡಿಯೋವನ್ನು ಬೇಗ ಫೈಲ್ ಮಾಡಿ ಉಳಿಸುವ ಭಾಗ) ಇಲ್ಲ. ಎಡಿಟಿಂಗ್‌ಗೆ ಅಂತ ಇವನ್ನು ಕೊಂಡರೆ ಬೇಜಾರಾಗುತ್ತದೆ.

ಹುಡುಗ ಸದ್ಯಕ್ಕೆ ಕಾರ್ಡ್ ಇಲ್ಲದೆ, ವಿಡಿಯೋಗಳ ಚಿಕ್ಕ ಪ್ರಾಕ್ಸಿ ಫೈಲ್ (ಕಮ್ಮಿ ಗುಣಮಟ್ಟದ ಹಗುರ ನಕಲು) ಮಾಡಿಕೊಂಡು ಎಡಿಟ್ ಮಾಡುತ್ತಿದ್ದಾನೆ. ನಿಧಾನ, ಆದರೆ ಕೆಲಸ ಆಗುತ್ತಿದೆ. 1650 ಅನ್ನು ಕಳೆದ ತಿಂಗಳು 5,500ಕ್ಕೆ ಮಾರಿದೆ. ಕೊಳ್ಳಲು ಬಂದ ಹುಡುಗ ದುಡ್ಡು ತೆಗೆಯುವ ಮುಂಚೆ ಅವನ ಎಸ್‌ಎಂಪಿಎಸ್ ಸ್ಟಿಕರಿನ ಫೋಟೋ ತೋರಿಸು ಅಂದೆ. 450 ವ್ಯಾಟ್, 6 ಪಿನ್ ವೈರ್ ಅದರದ್ದೇ. ಆಮೇಲೆ ಕೊಟ್ಟೆ.