ಸೂಕ್ಷ್ಮ ಹೊಟ್ಟೆಯ ನಾಯಿಗೆ ಹಸಿ ಮಾಂಸ: ದಿಢೀರ್, ಬೆರಕೆ, ಅರೆಬೆಂದದ್ದು – ಯಾವುದು ಒಗ್ಗಿತು?

ನಾಯಿಗೆ ಹಸಿ ಮಾಂಸ ರೂಢಿ ಮಾಡಿಸೋಕೆ ಸಾಮಾನ್ಯವಾಗಿ ಮೂರು ದಾರಿ ಹೇಳುತ್ತಾರೆ. ಒಂದೇ ಸಲಕ್ಕೆ ಬದಲಾಯಿಸಿಬಿಡೋದು. ಹಳೆ ಡ್ರೈ ಫುಡ್ ಜೊತೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಹೋಗೋದು. ಬೇಯಿಸಿದ ಮಾಂಸದಿಂದ ಶುರು ಮಾಡಿ, ಬೇಯಿಸೋದನ್ನು ಕಡಿಮೆ ಮಾಡುತ್ತಾ ಬರೋದು. ಕಲ್ಲು ತಿಂದರೂ ಕರಗಿಸೋ ನಾಯಿಗೆ ಮೂರರಲ್ಲಿ ಯಾವುದಾದರೂ ನಡೆಯುತ್ತದೆ. ನಮ್ಮ ಕೆಂಚ ಆ ಜಾತಿಯವನಲ್ಲ. ಡ್ರೈ ಫುಡ್‌ನ ಬ್ರ್ಯಾಂಡ್ ಬದಲಾದರೂ ಸಾಕು, ಹೊಟ್ಟೆಯೊಳಗೆ ಗುಡುಗುಡು ಶುರು. ಬೆಳಗ್ಗೆ ಊಟ ತಡವಾದರೆ ಹಳದಿ ನೊರೆ ಕಕ್ಕುತ್ತಾನೆ.

ಮೂರನ್ನೂ ಅವನಿಗೆ ಮಾಡಿ ನೋಡಿದ್ದೇನೆ, ನಡುನಡುವೆ ಹೊಟ್ಟೆ ಪೂರ್ತಿ ಸುಧಾರಿಸೋವರೆಗೆ ಬಿಡುವು ಕೊಟ್ಟು. ಅದಕ್ಕೂ ಮೊದಲು ಡಾಕ್ಟರಿಗೆ ತೋರಿಸಿ, ಜಂತುಹುಳ ಇಲ್ಲ, ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ತೊಂದರೆ ಇಲ್ಲ ಅಂತ ಖಾತ್ರಿ ಮಾಡಿಕೊಂಡಿದ್ದೆ. ಇದನ್ನು ಬಿಡಬೇಡಿ. ಒಮ್ಮೆ ಪ್ಯಾಂಕ್ರಿಯಾಟೈಟಿಸ್, ಅಂದರೆ ಆ ಗ್ರಂಥಿಯ ಉರಿಯೂತ, ಬಂದ ನಾಯಿಗೆ ಕೊಬ್ಬು ಜಾಸ್ತಿ ಇರೋ ಮಾಂಸ ನಿಜಕ್ಕೂ ಅಪಾಯ.

ಮೊದಲು ದಿಢೀರ್ ದಾರಿ. ಅರ್ಧ ದಿನವೋ ಒಂದು ದಿನವೋ ಉಪವಾಸ ಕೆಡವಿ, ನೇರ ಹಸಿ ಮಾಂಸ ಇಡೋದು. ಡ್ರೈ ಫುಡ್ ಒಂದು ವೇಗದಲ್ಲಿ ಕರಗುತ್ತದೆ, ಮಾಂಸ ಇನ್ನೊಂದು ವೇಗದಲ್ಲಿ, ಎರಡೂ ಸೇರಿದರೆ ಹೊಟ್ಟೆ ಕೆಡುತ್ತದೆ ಅನ್ನೋದು ಇದರ ಹಿಂದಿನ ವಾದ. ಕೇಳೋಕೆ ಚೆನ್ನಾಗಿದೆ, ಆದರೆ ಅದಕ್ಕೆ ಗಟ್ಟಿ ಆಧಾರ ಇಲ್ಲ. ಕೆಂಚನ ವಿಷಯದಲ್ಲಿ ಉಪವಾಸವೇ ಉಲ್ಟಾ ಹೊಡೆಯಿತು. ಖಾಲಿ ಹೊಟ್ಟೆಗೆ ಪಿತ್ತ ಏರಿ ಬೆಳಗಿನ ಜಾವ ಅದೇ ಹಳದಿ ನೊರೆ. ಆಮೇಲೆ ತಿಂದ ಮಾಂಸ ನೀರಾಗಿ ಹೊರಗೆ ಬಂತು. ಕೆಲವರು ಇದನ್ನು 'ಡಿಟಾಕ್ಸ್' ಅಂತಾರೆ, ದೇಹದ ವಿಷ ಹೊರಗೆ ಹೋಗುತ್ತಿದೆಯಂತೆ. ಸುಮ್ನೆ ಮಾತು. ಭೇದಿ ಅಂದರೆ ಭೇದಿ, ನಾಯಿಯ ಮೈಯಿಂದ ನೀರು, ಲವಣ ಹೋಗುತ್ತಿದೆ ಅಂತಷ್ಟೇ ಅರ್ಥ.

ಈ ದಾರಿಯ ದೊಡ್ಡ ತೊಂದರೆ ಭೇದಿ ಕೂಡ ಅಲ್ಲ. ಒಂದೇ ದಿನದಲ್ಲಿ ಮಾಂಸದ ಬಗೆ, ಕೊಬ್ಬಿನ ಪ್ರಮಾಣ, ಮೂಳೆ, ಹಸಿತನ ಎಲ್ಲವೂ ಬದಲಾಗಿರುತ್ತದೆ. ಹೊಟ್ಟೆ ಕೆಟ್ಟಾಗ ಯಾವುದನ್ನು ದೂರೋದು? ಕೋಳಿ ಆಗಲಿಲ್ಲವೋ, ಕೋಳಿಯ ಚರ್ಮದ ಕೊಬ್ಬು ಆಗಲಿಲ್ಲವೋ ಗೊತ್ತೇ ಆಗೋದಿಲ್ಲ.

ಬೆರೆಸೋ ದಾರಿ ಇದಕ್ಕಿಂತ ಎಷ್ಟೋ ವಾಸಿ. ಸಾಮಾನ್ಯ ನಾಯಿಗೆ 7ರಿಂದ 10 ದಿನ ಅಂತ ಲೆಕ್ಕ: ಕಾಲು ಭಾಗ ಹೊಸದು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಸೂಕ್ಷ್ಮ ಹೊಟ್ಟೆಗೆ ಇದನ್ನು ಕೆಲವು ವಾರಗಳಿಗೆ ಎಳೆಯಬೇಕು, ಕಾಲು ಭಾಗದ ಬದಲು ಒಂದು ಚಮಚದಿಂದ ಶುರು ಮಾಡಬೇಕು. ಎರಡೂ ಒಟ್ಟಿಗೆ ತಿಂದ ಅಂತ ಕೆಂಚನಿಗೆ ಏನೂ ಆಗಲಿಲ್ಲ.

ತಲೆನೋವು ಬಂದದ್ದು ಬಟ್ಟಲಿನಲ್ಲಿ. ನಾಲಿಗೆ ತುದಿಯಲ್ಲಿ ಖೀಮಾ ಅಷ್ಟನ್ನೂ ಎತ್ತಿಕೊಂಡು, ಡ್ರೈ ಫುಡ್ ಕಾಳುಗಳನ್ನು ನೆಕ್ಕಿ ನೆಕ್ಕಿ ಒಂದು ಬದಿಗೆ ತಳ್ಳುತ್ತಿದ್ದ. ನಾನು ಕಾಲು ಭಾಗ ಕೊಟ್ಟೆ ಅಂದುಕೊಂಡರೆ ಅವನ ಹೊಟ್ಟೆಗೆ ಹೋದದ್ದು ಬಹುಪಾಲು ಮಾಂಸವೇ. ಉಳಿದ ಕಾಳುಗಳಿಗೆ ಹಸಿ ಮಾಂಸದ ರಸ ಅಂಟಿರುತ್ತದೆ. ಅದನ್ನು 'ಆಮೇಲೆ ತಿನ್ನಲಿ' ಅಂತ ಬಿಡೋ ಹಾಗಿಲ್ಲ, ಎಸೆಯಲೇಬೇಕು. ಅರ್ಧಕ್ಕರ್ಧ ಮುಟ್ಟೋ ಹೊತ್ತಿಗೆ ಮಲದ ಮೇಲೆ ಲೋಳೆ ಕಾಣಿಸಿತು. ದೊಡ್ಡ ಕರುಳಿಗೆ ಕಿರಿಕಿರಿ ಆಗುತ್ತಿದೆ ಅನ್ನೋ ಸೂಚನೆ ಅದು. ಹಿಂದೆ ಸರಿದರೆ ನಿಲ್ಲುತ್ತಿತ್ತು, ಮುಂದೆ ಹೋದರೆ ಮತ್ತೆ ಬರುತ್ತಿತ್ತು. ಅವಸರ ಇಲ್ಲದವರಿಗೆ, ಬೆರೆಸಿದ್ದನ್ನು ಬೆರೆಸಿದ ಹಾಗೇ ತಿನ್ನೋ ನಾಯಿಗೆ ಇದು ಒಳ್ಳೆಯ ದಾರಿಯೇ.

ನಮಗೆ ಒಗ್ಗಿದ್ದು ಮೂರನೆಯದು. ಮೊದಲು ಒಂದೇ ಬಗೆಯ, ಕೊಬ್ಬು ತೆಗೆದ, ಮೂಳೆ ಇಲ್ಲದ ಮಾಂಸ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲದೆ ಪೂರ್ತಿ ಬೇಯಿಸಿದ್ದು. ಹೊಟ್ಟೆ ಅದಕ್ಕೆ ಒಪ್ಪಿತು ಅಂದರೆ ಆ ಮಾಂಸದ ಬಗ್ಗೆ ಅನುಮಾನ ಮುಗಿಯಿತು. ಕೋಳಿ, ದನದ ಮಾಂಸ ಎರಡೂ ಅಲರ್ಜಿ ತರೋ ಪಟ್ಟಿಯಲ್ಲಿ ಮೇಲಿರೋದರಿಂದ, ಅವು ಆಗದ ನಾಯಿ ಇಲ್ಲೇ ಗೊತ್ತಾಗಿಬಿಡುತ್ತದೆ. ಆಮೇಲೆ ಒಳಗೆ ತುಸು ಗುಲಾಬಿ ಬಣ್ಣ ಉಳಿಯೋ ಹಾಗೆ, ಆಮೇಲೆ ಹೊರಗೆ ಮಾತ್ರ ಬಿಳಿಯಾಗೋ ಹಾಗೆ, ಕೊನೆಗೆ ಹಸಿ. ಪ್ರತಿ ಹಂತದಲ್ಲೂ ಬದಲಾಗೋದು ಒಂದೇ ಸಂಗತಿ. ಕೆಂಚ ಒಂದೇ ಒಂದು ಹಂತದಲ್ಲಿ, ಗುಲಾಬಿಯಿಂದ ಮುಂದಕ್ಕೆ ಹೋಗುವಾಗ, ಸ್ವಲ್ಪ ತಡವರಿಸಿದ. ಅಲ್ಲೇ ನಿಂತು ಮಲ ಗಟ್ಟಿಯಾಗೋವರೆಗೆ ಕಾದೆ, ಅಷ್ಟೇ.

ಕೆಲಸ ಜಾಸ್ತಿ, ಒಪ್ಪುತ್ತೇನೆ. ದಿನಾ ಒಲೆ ಹಚ್ಚಬೇಕು. ಇನ್ನೆರಡು ಎಚ್ಚರಿಕೆ. ಅರೆಬೆಂದ ಮಾಂಸವನ್ನೂ ಹಸಿ ಮಾಂಸ ಅಂತಲೇ ಲೆಕ್ಕಕ್ಕೆ ಹಿಡಿಯಬೇಕು, ಒಳಗಿನ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸತ್ತಿರೋದಿಲ್ಲ. ಮೂಳೆಯನ್ನು ಮಾತ್ರ ಯಾವ ಹಂತದಲ್ಲೂ ಬೇಯಿಸಿ ಕೊಡಬಾರದು. ಬೆಂದ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ. ಮೂಳೆ ಇಲ್ಲದ ಮಾಂಸದ ಊಟದಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇರೋದಿಲ್ಲ, ಹಾಗಾಗಿ ಈ ಹಂತ ಉದ್ದವಾದರೆ ಡಾಕ್ಟರನ್ನು ಕೇಳಿ ಪುಡಿ ಸೇರಿಸಬೇಕು.

ಫ್ರೀಜ್ ಡ್ರೈ ಮಾಡಿದ, ಅಂದರೆ ಹೆಪ್ಪುಗಟ್ಟಿಸಿ ನೀರಿನಂಶ ತೆಗೆದ, ಪ್ಯಾಕೆಟ್ ಹಸಿ ಮಾಂಸವನ್ನೂ ನೋಡಿದ್ದೇನೆ. ನೀರಲ್ಲಿ ನೆನೆಸಿ ಕೊಡೋದು, ಪ್ರಯಾಣಕ್ಕೆ ಸುಲಭ. ಆದರೆ ಫ್ರೀಜ್ ಡ್ರೈ ಮಾಡಿದ ಮಾತ್ರಕ್ಕೆ ಬ್ಯಾಕ್ಟೀರಿಯಾ ಸಾಯೋದಿಲ್ಲ, ಕೊಬ್ಬು ಕೂಡ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ತುಂಬಾ ಬೇರೆ. ಲೇಬಲ್ ಓದದೆ ಕೊಳ್ಳಬೇಡಿ.

ಯಾವ ದಾರಿ ಹಿಡಿದರೂ ಮೂಳೆ, ಲಿವರ್ ಕೊನೆಗೇ ಬರಲಿ. ಹಸಿ ಊಟದವರು ಸಾಮಾನ್ಯವಾಗಿ ಹೇಳೋ ಅಳತೆ 80-10-10: ಮಾಂಸ, ಮೂಳೆ, ಒಳಾಂಗ. ಒಳಾಂಗದಲ್ಲಿ ಅರ್ಧ ಲಿವರ್. ದಿನದ ಒಟ್ಟು ಊಟ ನಾಯಿಯ ತೂಕದ ಶೇ. 2ರಿಂದ 3, ಅಂದರೆ 20 ಕೆಜಿ ನಾಯಿಗೆ 400ರಿಂದ 600 ಗ್ರಾಂ, ಮೂರು ಹೊತ್ತಿಗೆ ಹಂಚಿದರೆ ಸೂಕ್ಷ್ಮ ಹೊಟ್ಟೆಗೆ ಸಲೀಸು. ಆದರೆ ಈ ಅಳತೆ ಒಂದರಿಂದಲೇ ಊಟ ಸಮತೋಲ ಆಗೋದಿಲ್ಲ, ಸತು, ವಿಟಮಿನ್ ಇ ಥರದವು ಕಡಿಮೆ ಬೀಳಬಹುದು. ಹೆಚ್ಚುಕಡಿಮೆ ಆದದ್ದು ಮಲದಲ್ಲೇ ಕಾಣುತ್ತದೆ. ಸುಣ್ಣದ ಹಾಗೆ ಬೆಳ್ಳಗೆ ಪುಡಿಪುಡಿ ಆದರೆ ಮೂಳೆ ಜಾಸ್ತಿ. ಲಿವರ್ ಕೊಟ್ಟ ಮೇಲೆ ಕಡು ಬಣ್ಣದಲ್ಲಿ ತೆಳ್ಳಗಾದರೆ ಲಿವರ್ ಜಾಸ್ತಿ. ಡಾಂಬರಿನಂತೆ ಕಪ್ಪಗೆ ಅಂಟಂಟಾಗಿದ್ದರೆ ಅಥವಾ ರಕ್ತ ಕಂಡರೆ ಕಾಯದೆ ಡಾಕ್ಟರ ಹತ್ತಿರ ಹೋಗಬೇಕು.

ಇನ್ನು ಮನೆಯವರ ವಿಷಯ. ಅಮೆರಿಕದ ಪಶುವೈದ್ಯರ ಸಂಘ 2012ರಲ್ಲೇ ಹಸಿ ಮಾಂಸ ಬೇಡ ಅನ್ನೋ ನಿಲುವು ತೆಗೆದುಕೊಂಡಿತು. ನಾಯಿ ಆರಾಮಾಗಿ ಕಂಡರೂ ಅದರ ಮಲದಲ್ಲಿ ಸಾಲ್ಮೊನೆಲ್ಲಾ ಇರಬಹುದು, ಅದು ಮನುಷ್ಯರಿಗೂ ಅಂಟುತ್ತದೆ ಅನ್ನೋದೇ ಮುಖ್ಯ ಕಾರಣ. ಮನೆಯಲ್ಲಿ ಪುಟ್ಟ ಮಕ್ಕಳು, ಬಸುರಿ, ವಯಸ್ಸಾದವರು, ಕೀಮೋ ತೆಗೆದುಕೊಳ್ಳುವವರು ಇದ್ದರೆ ನಾನಾದರೆ ಬೇಯಿಸಿದ ಹಂತದಲ್ಲೇ ನಿಲ್ಲಿಸುತ್ತೇನೆ. ಅಲ್ಲೇ ಉಳಿಯೋದಾದರೆ ಪೋಷಕಾಂಶದ ಲೆಕ್ಕ ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

ಕೆಂಚನಿಗೆ ಲಿವರ್ ಮಾತ್ರ ಇವತ್ತಿಗೂ ಬೇಯಿಸಿಯೇ ಕೊಡೋದು, ಉಗುರಿನಷ್ಟು ಚೂರು ಮಾಡಿ. ಹಸಿಯದ್ದು ಅವನಿಗೆ ಆಗೋದಿಲ್ಲ, ಬಲವಂತ ಮಾಡೋಕೆ ನನಗೂ ಕಾರಣ ಕಾಣೋದಿಲ್ಲ.