ಖಾಸಗಿ ಶಾಲೆಯೋ ಸರ್ಕಾರಿ ಹೈಸ್ಕೂಲೋ? ಮಗಳನ್ನು ಎರಡಕ್ಕೂ ಕಳಿಸಿ ನೋಡಿದ್ದೇನೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಸರ್ಕಾರಿ ಹೈಸ್ಕೂಲಿಗೇ. ಮಗಳು ಎಂಟನೇ ತರಗತಿವರೆಗೆ ಸಾಗರದ ಕಡೆಯ ಒಂದು ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಓದಿದಳು. ಆರ್‌ಟಿಇ ಸೀಟು. ಶಿಕ್ಷಣ ಹಕ್ಕು ಕಾಯ್ದೆಯಡಿ ಸಿಗುವ ಆ ಉಚಿತ ಸೀಟು ಎಂಟಕ್ಕೇ ಮುಗಿಯುತ್ತದೆ. ಒಂಬತ್ತಕ್ಕೆ 38 ಸಾವಿರ ಕೇಳಿದರು. ನನ್ನದು ಸಣ್ಣ ಹೊಲಿಗೆ ಅಂಗಡಿ. ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಸರ್ಕಾರಿ ಶಾಲೆಗೆ ಸೇರಿಸಿದೆ. ಈಗ ಅವಳು ಹತ್ತನೇ ತರಗತಿ.

ಪುಸ್ತಕ, ಯೂನಿಫಾರ್ಮು, ಬಿಸಿಯೂಟದ ವಿಷಯ ಎಲ್ಲರಿಗೂ ಗೊತ್ತು, ಬಿಡಿ.

ನನ್ನನ್ನು ಜಾಸ್ತಿ ಕಾಡಿದ್ದು ಟಿಸಿ, ಅಂದರೆ ಹಳೇ ಶಾಲೆಯವರು ಕೊಡಬೇಕಾದ ವರ್ಗಾವಣೆ ಪತ್ರ. ಮೇ ತಿಂಗಳಲ್ಲೇ ಅರ್ಜಿ ಕೊಟ್ಟಿದ್ದೆ. ಸ್ಮಾರ್ಟ್ ಕ್ಲಾಸಿನ ಬಾಕಿ ಇದೆ, ಕಟ್ಟಿ ಅಂದರು. ಯಾವ ಬಾಕಿ ಅಂತ ಕೇಳಿದರೆ ನಾಳೆ ಬನ್ನಿ. ನಾಳೆ ಹೋದರೆ ಕ್ಲರ್ಕ್ ರಜೆ. ಹೀಗೆ ಆರು ಸಲ ಅಂಗಡಿ ಬಾಗಿಲು ಹಾಕಿಕೊಂಡು ಹೋದೆ.

ಹೊಸ ಶಾಲೆಯವರು ಪಾಪ, ಟಿಸಿ ಇಲ್ಲದೆಯೂ ತರಗತಿಯಲ್ಲಿ ಕೂರಿಸಿಕೊಂಡರು. ಆದರೆ ಮಕ್ಕಳ ವಿವರ ಇರುವ ಇಲಾಖೆಯ ಆನ್‌ಲೈನ್ ಸ್ಯಾಟ್ಸ್ ದಾಖಲೆಯಲ್ಲಿ ಅವಳಿನ್ನೂ ಹಳೇ ಶಾಲೆಯ ಮಗು. ಅಷ್ಟರಲ್ಲಿ ಕ್ರೀಡಾಕೂಟ ಬಂತು. ಖೊಖೊದಲ್ಲಿ ಅವಳ ಓಟ ನೋಡಿ ಪಿಟಿ ಮೇಷ್ಟ್ರು ತಂಡಕ್ಕೆ ತೆಗೆದುಕೊಂಡಿದ್ದರು. ಹನ್ನೆರಡು ಜನರ ಪಟ್ಟಿಗೆ ಹೆಡ್‌ಮಾಸ್ಟರು ಸಹಿ ಹಾಕುವಾಗ ಇವಳ ಹೆಸರು ಸೇರಿಸೋಕೆ ಆಗಲಿಲ್ಲ. ತಂಡದವರೆಲ್ಲ ಹೊರಟ ದಿನ ಅವಳು ಮನೆಯಲ್ಲೇ ಉಳಿದಳು, ಯಾರ ಹತ್ತಿರವೂ ಮಾತಾಡಲಿಲ್ಲ. ಆ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಕೊನೆಗೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಲಿಖಿತ ದೂರು ಕೊಟ್ಟೆ. ನಾಲ್ಕನೇ ದಿನ ಟಿಸಿ ಕೈಗೆ ಬಂತು. ಮೊದಲ ವಾರವೇ ಬರೆದು ಕೊಡಬೇಕಿತ್ತು, ಸುಮ್ನೆ ಓಡಾಡಿದೆ.

ಆಟದ ವಿಷಯದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಹಳೇ ಶಾಲೆಯ ಅಂಗಳ ಬಸ್ಸು ನಿಲ್ಲಿಸೋಕೆ ಆಯಿತು. ಪಿಟಿ ಪೀರಿಯಡ್ಡನ್ನು ಗಣಿತದವರು ತೆಗೆದುಕೊಳ್ಳುತ್ತಿದ್ದರು. ಇಲ್ಲಿ ಸಂಜೆ ಶಾಲೆ ಬಿಟ್ಟ ಮೇಲೂ ಕಂಬದ ಹತ್ತಿರ ಡೈವ್ ಕಲಿಸುತ್ತಾರೆ. ಮೊಣಕೈ ತರಚಿಕೊಂಡು ಬರುತ್ತಾಳೆ, ಮುಖದಲ್ಲಿ ಖುಷಿ.

ಇನ್ನು ನಾಟಕ. ಖಾಸಗಿ ಶಾಲೆಯ ವಾರ್ಷಿಕೋತ್ಸವದಲ್ಲಿ ಮಾತುಗಳನ್ನು ಮೊದಲೇ ರೆಕಾರ್ಡ್ ಮಾಡಿರುತ್ತಾರೆ, ಮಕ್ಕಳು ಬರೀ ಬಾಯಿ ಆಡಿಸಬೇಕು. ನಮ್ಮ ಪಕ್ಕದ ಹೆಗ್ಗೋಡಿನಲ್ಲಿ ನೀನಾಸಂ ಅನ್ನುವ ನಾಟಕ ಸಂಸ್ಥೆ ಇದೆ, 1949ರಲ್ಲಿ ಶುರುವಾದದ್ದು. ವರ್ಷಾ ವರ್ಷಾ ಊರೂರು ಸುತ್ತುವ ಅವರ ತಿರುಗಾಟದ ನಾಟಕ ನೋಡುವ ಜನ ನಾವು. ರೆಕಾರ್ಡಿಗೆ ಬಾಯಿ ಆಡಿಸುವುದನ್ನು ನಾಟಕ ಅಂತ ಹೇಗೆ ಒಪ್ಪಿಕೊಳ್ಳುವುದು? ನಾಲ್ಕು ನಿಮಿಷದ ಡ್ಯಾನ್ಸಿಗೆ ಡ್ರೆಸ್ ಬಾಡಿಗೆ 900 ರೂಪಾಯಿ ಬೇರೆ.

ಸರ್ಕಾರಿ ಶಾಲೆಯಲ್ಲಿ ನಾಟಕದ ಮೇಷ್ಟ್ರು ಅಂತ ಯಾರೂ ಇಲ್ಲ. ವಿಜ್ಞಾನ ನಾಟಕ ಸ್ಪರ್ಧೆಗೆ ವಿಜ್ಞಾನದ ಟೀಚರು, ಕನ್ನಡದ ಮೇಷ್ಟ್ರು ಸೇರಿ ಮಂಗನ ಕಾಯಿಲೆಯ ಮೇಲೆ ನಾಟಕ ಬರೆದರು. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ರೋಗ ಅದು. ನಮ್ಮ ತಾಲ್ಲೂಕೂ ಅದರ ಕೈಗೆ ಸಿಕ್ಕು ನರಳಿದೆ. ಮಗಳದು ತರಗೆಲೆ ಗುಡಿಸಿ ತರೋಕೆ ಕಾಡಿಗೆ ಹೋಗುವ ಅಜ್ಜಿಯ ಪಾತ್ರ. ಮೈಕ್ ಇಲ್ಲ. ಗೇಟಿನ ಹತ್ತಿರ ಒಬ್ಬರನ್ನು ನಿಲ್ಲಿಸಿ, ಅವರಿಗೆ ಕೇಳುವವರೆಗೆ ಮಾತು ಹೇಳಿಸುತ್ತಿದ್ದರು. ಉಣುಗು (ರಕ್ತ ಹೀರುವ ಸಣ್ಣ ಹುಳ) ಕಚ್ಚಿದರೆ ವೈರಸ್ ಮೈಗೆ ಹೇಗೆ ಬರುತ್ತದೆ ಅಂತ ಅವಳು ನನಗೇ ವಿವರಿಸಿದಳು. ಡ್ರೆಸ್ಸೆಲ್ಲ ಹಳೇ ಸೀರೆಗಳಲ್ಲಿ ನಾನೇ ಹೊಲಿದೆ. ತಾಲ್ಲೂಕಿನಲ್ಲಿ ಗೆದ್ದರು, ಜಿಲ್ಲೆಯಲ್ಲಿ ನಿಂತಿತು.

ಪಾಠದ ವಿಷಯಕ್ಕೆ ಬಂದರೆ ಮೊದಲ ಎರಡು ತಿಂಗಳು ಕಷ್ಟವಾಯಿತು. ಕನ್ನಡ ಮಾಧ್ಯಮಕ್ಕೆ ಬಂದಿದ್ದಳಲ್ವಾ, ವೇಗೋತ್ಕರ್ಷ ಅಂದರೆ ಆಕ್ಸಿಲರೇಷನ್ ಅಂತಲೇ ಗೊತ್ತಿರಲಿಲ್ಲ. ಟೀಚರು ಎರಡೂ ಭಾಷೆಯ ಪದಗಳನ್ನು ಪುಸ್ತಕದ ಅಂಚಿನಲ್ಲಿ ಬರೆಸಿದರು. ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ ಮೊದಲ ಭಾಷೆಗೆ 125, ಅದು ಈಗ ಕನ್ನಡ. ರಾತ್ರಿ ಕಾಜಾ ಹಾಕುತ್ತಾ ನಾನೇ ಅವಳಿಂದ ಪಾಠ ಓದಿಸಿ ಕೇಳುತ್ತೇನೆ. ಮೊದಲು ಇದು ನನ್ನ ಕೈಲಾಗುತ್ತಿರಲಿಲ್ಲ, ಟ್ಯೂಷನ್ನಿಗೆ ಕಳಿಸುತ್ತಿದ್ದೆ.

ಕೊರತೆ ಇಲ್ಲ ಅಂತಲ್ಲ. ಗಣಿತಕ್ಕೆ ಆಗಸ್ಟ್‌ವರೆಗೆ ಮೇಷ್ಟ್ರೇ ಇರಲಿಲ್ಲ, ಆಮೇಲೆ ಅತಿಥಿ ಶಿಕ್ಷಕರು ಬಂದರು. ಇಂಗ್ಲಿಷ್ ಮಾತಾಡುವುದರಲ್ಲಿ ಹಳೇ ಶಾಲೆಯೇ ಮುಂದೆ.

ಟ್ಯೂಷನ್, ವ್ಯಾನು, ಡ್ರೆಸ್ಸು ಅಂತ ಹೋಗುತ್ತಿದ್ದ ದುಡ್ಡು ಈಗ ಉಳಿಯುತ್ತಿದೆ. ಮನೆಯಲ್ಲಿ ಕನ್ನಡ ಓದುವವರಿದ್ದು, ಮಗು ಆಟ ನಾಟಕ ಅಂದರೆ ಕುಣಿಯುವಂಥದ್ದಾದರೆ ಸರ್ಕಾರಿ ಹೈಸ್ಕೂಲಿಗೇ ಕಳಿಸಿ. ಆದರೆ ನಮ್ಮ ಹಾಗೆ ಒಂಬತ್ತಕ್ಕೆ ಬದಲಿಸುವುದಕ್ಕಿಂತ ಎಂಟಕ್ಕೇ ಸೇರಿಸುವುದು ಒಳ್ಳೆಯದು, ಭಾಷೆಗೆ ಹೊಂದಿಕೊಳ್ಳಲು ಒಂದು ವರ್ಷ ಜಾಸ್ತಿ ಸಿಗುತ್ತದೆ. ಮಗ ಈಗ ಏಳನೇ ತರಗತಿ, ಅದೇ ಖಾಸಗಿ ಶಾಲೆಯಲ್ಲಿದ್ದಾನೆ. ಅವನ ಟಿಸಿಗೆ ಏಪ್ರಿಲ್‌ನಲ್ಲೇ ಅರ್ಜಿ ಕೊಟ್ಟು, ಅರ್ಜಿ ತಲುಪಿದೆ ಅಂತ ಸೀಲು ಹಾಕಿಸಿಕೊಂಡು ಬರುತ್ತೇನೆ.